ಸ್ವಂತ ಡೊಮೇನ್ ಹೆಸರನ್ನು ಕ್ಲೌಡ್ ಆ್ಯಪ್‌ಗೆ ಜೋಡಿಸುವ ಬಗೆ: ಹೆಸರು ಕೊಳ್ಳುವುದರಿಂದ ಕೊನೆಯ ಪರೀಕ್ಷೆಯವರೆಗೆ

ಮಂಡ್ಯದ ಹತ್ತಿರ ನಮ್ಮ ಚಿಕ್ಕಪ್ಪನದೊಂದು ಆಲೆಮನೆ ಇದೆ. ಅವರ ಮಗಳು ಬೆಲ್ಲ ಆರ್ಡರ್ ಮಾಡಲು ಒಂದು ವೆಬ್ ಆ್ಯಪ್ ಬರೆದು ಕ್ಲೌಡ್‌ನಲ್ಲಿ ಇಟ್ಟಳು. ಆ್ಯಪ್ ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ವಿಳಾಸ ಕ್ಲೌಡ್ ಕಂಪನಿ ಕೊಟ್ಟದ್ದು. ಆ್ಯಪ್‌ನ ಹೆಸರು, ಒಂದು ಅಡ್ಡಗೆರೆ, ಅರ್ಥವಿಲ್ಲದ ಆರೇಳು ಅಕ್ಷರ, ಕೊನೆಗೆ ಕಂಪನಿಯ ಹೆಸರು. ಫೋನಿನಲ್ಲಿ ಗಿರಾಕಿಗೆ ಹೇಳೋಣ ಅಂದರೆ ಮೂರು ಸಲ ಹೇಳಿದರೂ ತಲುಪುತ್ತಿರಲಿಲ್ಲ. ಅಷ್ಟರಲ್ಲಿ ಚಿಕ್ಕಪ್ಪ ಬೆಲ್ಲದ ಡಬ್ಬಿಗೆ ಹೊಸ ಲೇಬಲ್ ಮಾಡಿಸಲು ಹೊರಟರು. ‘ಲೇಬಲ್ ಮ್ಯಾಲೆ ನಮ್ದೇ ಹೆಸ್ರು ಇರ್ಬೇಕು ಕಣವ್ವ’ ಅಂದರು. ಒಂದು ಭಾನುವಾರ ಅವಳು ಮೈಸೂರಿಗೆ ನಮ್ಮ ಮನೆಗೆ ಬಂದಳು. ಇಬ್ಬರೂ ಕೂತು ಆ ಕೆಲಸ ಮುಗಿಸಿದೆವು.

ಅವತ್ತು ಹಿಡಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಆ್ಯಪ್ ಯಾವ ಕ್ಲೌಡ್‌ನಲ್ಲಿದ್ದರೂ ಕ್ರಮ ಹೆಚ್ಚುಕಡಿಮೆ ಇದೇ. ಬಟನ್‌ಗಳ ಹೆಸರು ಬೇರೆ ಇರುತ್ತದೆ, ಅಷ್ಟೇ. ವಿಳಾಸ, ಆಜ್ಞೆ ಎಲ್ಲವನ್ನೂ ಇಲ್ಲಿ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ಉದಾಹರಣೆಗೆ ‘ಆಲೆಮನೆ.ಇನ್’ ಎಂಬ ಹೆಸರು ಇಟ್ಟುಕೊಂಡಿದ್ದೇನೆ. ಅದರ ಜಾಗದಲ್ಲಿ ನಿಮ್ಮ ಹೆಸರು ಹಾಕಿಕೊಳ್ಳಿ.

ಯಾರ ಕೈಯಲ್ಲಿ ಏನಿದೆ

ಈ ಕೆಲಸದಲ್ಲಿ ಜಾಸ್ತಿ ಜನ ಎಡವುವುದು ಒಂದೇ ಕಡೆ. ಯಾವ ಬದಲಾವಣೆಯನ್ನು ಎಲ್ಲಿ ಹೋಗಿ ಮಾಡಬೇಕು ಅಂತ ಗೊತ್ತಿರುವುದಿಲ್ಲ. ಹಾಗಾಗಿ ಮೊದಲು ಅದನ್ನೇ ಬಿಡಿಸಿಕೊಳ್ಳೋಣ.

ಹೆಸರನ್ನು ನಿಮಗೆ ಮಾರುವವರು ರಿಜಿಸ್ಟ್ರಾರ್. ಆ ಹೆಸರು ಯಾವ ಸರ್ವರ್‌ಗೆ ಹೋಗಬೇಕು ಎಂಬ ಲೆಕ್ಕ ಇಡುವವರು ಡಿಎನ್‌ಎಸ್ ಸೇವೆಯವರು. ಆ ಲೆಕ್ಕ ಇರುವ ಯಂತ್ರಗಳಿಗೆ ನೇಮ್‌ಸರ್ವರ್ ಅನ್ನುತ್ತಾರೆ. ಆ್ಯಪ್ ಓಡಿಸುವವರು ಕ್ಲೌಡ್ ಕಂಪನಿ. ಬ್ರೌಸರ್ ‘ಸುರಕ್ಷಿತವಲ್ಲ’ ಅಂತ ಎಚ್ಚರಿಸದಂತೆ ಸರ್ಟಿಫಿಕೇಟ್ ಕೊಡುವವರು ಇನ್ನೊಬ್ಬರು. ನಾಲ್ಕೂ ಕೆಲಸವನ್ನು ಒಂದೇ ಕಂಪನಿ ಮಾಡಬಹುದು, ನಾಲ್ಕು ಕಂಪನಿಗಳೂ ಮಾಡಬಹುದು. ಕೆಲಸಗಳು ಮಾತ್ರ ಬೇರೆ ಬೇರೆಯೇ.

ಮಂಡ್ಯ ಕಡೆಯವರಿಗೆ ಇದನ್ನು ಹೇಳುವುದು ಸುಲಭ. ಗದ್ದೆ ನಿಮ್ಮದು ಅನ್ನುವುದಕ್ಕೆ ಪಹಣಿ ಇದೆ. ರಿಜಿಸ್ಟ್ರಾರ್ ಹತ್ತಿರ ಇರುವ ದಾಖಲೆಯೂ ಅಂಥದ್ದೇ. ಆದರೆ ಕನ್ನಂಬಾಡಿ ಕಟ್ಟೆಯಿಂದ ನಾಲೆಯಲ್ಲಿ ಬಂದ ನೀರು ಯಾವ ಗದ್ದೆಗೆ ತಿರುಗಬೇಕು ಅನ್ನುವುದು ನೀರುಗಂಟಿಯ ಕೈಯಲ್ಲಿದೆ. ಆ ನೀರುಗಂಟಿಯೇ ನೇಮ್‌ಸರ್ವರ್. ಪಹಣಿ ನಿಮ್ಮ ಹೆಸರಿನಲ್ಲಿದ್ದರೂ ನೀರು ತಿರುಗಬೇಕಾದರೆ ನೀರುಗಂಟಿಗೆ ಹೇಳಲೇಬೇಕು. ಪಕ್ಕದೂರಿನ ನೀರುಗಂಟಿಗೆ ಹೇಳಿದರೆ ನೀರು ಬರುವುದಿಲ್ಲ. ಈ ಮಾತು ಮುಂದೆ ಮತ್ತೆ ಬರುತ್ತದೆ.

ಹೆಸರು ಕೊಳ್ಳುವಾಗ

ಹೆಸರನ್ನು ನಿಮ್ಮ ಸ್ವಂತ ಇಮೇಲ್‌ನಲ್ಲಿ, ನಿಮ್ಮದೇ ಖಾತೆಯಲ್ಲಿ ಕೊಳ್ಳಿ. ಇಡೀ ಬರಹದಲ್ಲಿ ನಾನು ಒತ್ತಿ ಹೇಳುವ ಮಾತು ಇದು. ಮೈಸೂರಿನಲ್ಲಿ ನನಗೆ ಪರಿಚಯದ ಅಂಗಡಿಯವರೊಬ್ಬರು ವೆಬ್‌ಸೈಟ್ ಮಾಡಿಕೊಟ್ಟ ಹುಡುಗನ ಖಾತೆಯಲ್ಲೇ ಡೊಮೇನ್ ಕೊಂಡಿದ್ದರು. ದುಡ್ಡು ಅವರದೇ. ಎರಡು ವರ್ಷದ ಮೇಲೆ ಆ ಹುಡುಗ ಬೇರೆ ಊರಿಗೆ ಹೋದ, ನಂಬರ್ ಬದಲಾಯಿತು. ನವೀಕರಣದ ನೋಟಿಸ್ ಹೋಗುತ್ತಿದ್ದದ್ದು ಅವನ ಹಳೆಯ ಇಮೇಲ್‌ಗೆ. ಬೋರ್ಡ್, ಬಿಲ್ ಪುಸ್ತಕ, ಕ್ಯಾರಿಬ್ಯಾಗ್ ಎಲ್ಲದರ ಮೇಲೂ ಅಚ್ಚಾಗಿದ್ದ ಹೆಸರು ಕೈತಪ್ಪಿತು. ಕೆಲಸ ಯಾರಿಂದ ಬೇಕಾದರೂ ಮಾಡಿಸಿ, ಖಾತೆ ಮಾತ್ರ ನಿಮ್ಮದಿರಲಿ. ಎರಡು ಹಂತದ ಲಾಗಿನ್ ಹಾಕಿ. ಖಾತೆಗೆ ಕೊಡುವ ಇಮೇಲ್ ಅದೇ ಡೊಮೇನ್‌ನದ್ದಾಗಿರಬಾರದು. ಡೊಮೇನ್ ನಿಂತ ದಿನ ಆ ಇಮೇಲ್ ಕೂಡ ನಿಲ್ಲುತ್ತದೆ.

ಡಾಟ್ ಇನ್ ಹೆಸರುಗಳನ್ನು ನೋಡಿಕೊಳ್ಳುವುದು ನಿಕ್ಸಿ ಎಂಬ ಸಂಸ್ಥೆ. 2005ರಿಂದ ಯಾರು ಬೇಕಾದರೂ ಡಾಟ್ ಇನ್ ಕೊಳ್ಳಬಹುದು. ಡಾಟ್ ಕಾಮ್ ಕೊಂಡರೆ ಇಮೇಲ್ ಖಚಿತಪಡಿಸಿ ಎಂಬ ಪತ್ರ ಬರುತ್ತದೆ. 15 ದಿನದೊಳಗೆ ಅದನ್ನು ಒತ್ತದಿದ್ದರೆ ರಿಜಿಸ್ಟ್ರಾರ್ ಹೆಸರನ್ನು ತಡೆಹಿಡಿಯಬಹುದು. ಎಲ್ಲ ಸರಿಯಾಗಿ ಜೋಡಿಸಿದ ಮೇಲೂ ಎರಡು ವಾರಕ್ಕೆ ಸೈಟ್ ನಿಂತುಹೋಯಿತು ಅಂದರೆ ಮೊದಲು ಈ ಪತ್ರ ಹುಡುಕಿ. ಡಾಟ್ ಆ್ಯಪ್, ಡಾಟ್ ಡೆವ್ ಹೆಸರುಗಳಲ್ಲಿ ಬ್ರೌಸರ್ ಎಚ್‌ಟಿಟಿಪಿಎಸ್ (ಸರ್ಟಿಫಿಕೇಟ್ ಬೇಕಾಗುವ ಸುರಕ್ಷಿತ ದಾರಿ) ಬಿಟ್ಟು ಬೇರೆ ದಾರಿಯಲ್ಲಿ ಹೋಗುವುದೇ ಇಲ್ಲ. ಸರ್ಟಿಫಿಕೇಟ್ ಬರುವವರೆಗೆ ಆ ಸೈಟ್ ತೆರೆಯುವುದಿಲ್ಲ. ಮೊದಲ ವರ್ಷದ ಬೆಲೆ ನೋಡಿ ಮರುಳಾಗಬೇಡಿ. ಎರಡನೇ ವರ್ಷದ ನವೀಕರಣ ಎಷ್ಟು ಅಂತ ಕೊಳ್ಳುವ ಮೊದಲೇ ನೋಡಿ.

ಕನ್ನಡದ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಇನ್ನೊಂದು ತೊಡಕಿದೆ. ‘ಆಲೆ’ ಅನ್ನುವುದನ್ನು ಒಬ್ಬರು ಒಂದು ಎ ಹಾಕಿ ಬರೆಯುತ್ತಾರೆ, ಇನ್ನೊಬ್ಬರು ಎರಡು ಎ. ನಾವು ಎರಡನ್ನೂ ಕೊಂಡು, ಒಂದನ್ನು ಇನ್ನೊಂದಕ್ಕೆ ತಿರುಗಿಸಿದೆವು. ಕನ್ನಡ ಅಕ್ಷರದಲ್ಲೇ ಹೆಸರು ಬೇಕಾದರೆ ‘.ಭಾರತ’ ಎಂಬ ಕೊನೆಯಿರುವ ಡೊಮೇನ್ ಸಿಗುತ್ತದೆ. ಅದು ಡಿಎನ್‌ಎಸ್ ಒಳಗೆ ‘ಎಕ್ಸ್‌ಎನ್’ ಮತ್ತು ಎರಡು ಅಡ್ಡಗೆರೆಯಿಂದ ಶುರುವಾಗುವ ಇಂಗ್ಲಿಷ್ ಅಕ್ಷರಗಳ ರೂಪದಲ್ಲಿ ಇರುತ್ತದೆ. ಅದಕ್ಕೆ ಪ್ಯೂನಿಕೋಡ್ ಅನ್ನುತ್ತಾರೆ. ಕ್ಲೌಡ್‌ನ ಸೆಟ್ಟಿಂಗ್ ಕನ್ನಡ ಅಕ್ಷರ ಒಪ್ಪದಿದ್ದರೆ ಆ ರೂಪವನ್ನು ಹಾಕಿ ನೋಡಿ.

ನಿಮ್ಮ ನೀರುಗಂಟಿ ಯಾರು

ಈಗ ನಿಮ್ಮ ಹೆಸರಿನ ನೇಮ್‌ಸರ್ವರ್ ಎಲ್ಲಿದೆ ಅಂತ ತಿಳಿಯಬೇಕು. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಎನ್‌ಎಸ್‌ಲುಕಪ್ -ಟೈಪ್=ಎನ್‌ಎಸ್ ಆಲೆಮನೆ.ಇನ್’ ಅಂತ ಕೊಡಿ. ಲಿನಕ್ಸ್ ಅಥವಾ ಮ್ಯಾಕ್ ಆದರೆ ‘ಡಿಗ್ ಎನ್‌ಎಸ್ ಆಲೆಮನೆ.ಇನ್’. ಎರಡೋ ನಾಲ್ಕೋ ಹೆಸರು ಬರುತ್ತದೆ. ಯಾರ ಸೇವೆ ಅಂತ ಆ ಹೆಸರಲ್ಲೇ ಸಾಮಾನ್ಯವಾಗಿ ಗೊತ್ತಾಗುತ್ತದೆ. ಡಿಎನ್‌ಎಸ್ ಲೆಕ್ಕದ ಒಂದೊಂದು ಸಾಲಿಗೆ ರೆಕಾರ್ಡ್ ಅನ್ನುತ್ತಾರೆ. ನೀವು ರೆಕಾರ್ಡ್ ಬದಲಿಸಬೇಕಾದದ್ದು ಆ ಸೇವೆಯ ಪುಟದಲ್ಲಿ. ಬೇರೆಲ್ಲೂ ಅಲ್ಲ.

ರಿಜಿಸ್ಟ್ರಾರ್ ಪುಟದಲ್ಲೂ ರೆಕಾರ್ಡ್ ಸೇರಿಸುವ ಜಾಗ ಇರುತ್ತದೆ. ನೇಮ್‌ಸರ್ವರ್ ಕ್ಲೌಡ್‌ಫ್ಲೇರ್‌ಗೋ ಅಮೆಜಾನ್‌ನ ರೂಟ್ 53ಕ್ಕೋ ಹೋಗಿದ್ದರೂ ಕೆಲವು ಕಡೆ ಆ ಜಾಗ ಹಾಗೇ ಕಾಣುತ್ತಿರುತ್ತದೆ. ಅಲ್ಲಿ ಬರೆದರೆ ಉಳಿದುಕೊಳ್ಳುತ್ತದೆ, ಹಸಿರು ಟಿಕ್ ಕೂಡ ಬರುತ್ತದೆ. ಆದರೆ ಜಗತ್ತಿನಲ್ಲಿ ಯಾರೂ ಅದನ್ನು ಓದುವುದಿಲ್ಲ. ‘ಎರಡು ದಿನ ಆಯ್ತು, ಇನ್ನೂ ಬಂದಿಲ್ಲ’ ಅಂತ ನನಗೆ ಫೋನ್ ಮಾಡಿದವರಲ್ಲಿ ಹೆಚ್ಚಿನವರ ತೊಂದರೆ ಇದೇ ಆಗಿತ್ತು. ಪಕ್ಕದೂರಿನ ನೀರುಗಂಟಿಗೆ ಹೇಳಿ ಕಾಯುತ್ತಿದ್ದರು.

ಕೈ ಹಾಕುವ ಮೊದಲು ಈಗಿರುವ ರೆಕಾರ್ಡುಗಳ ಸ್ಕ್ರೀನ್‌ಶಾಟ್ ತೆಗೆದಿಡಿ. ಹೊಸದಾಗಿ ಕೊಂಡ ಹೆಸರಾದರೆ ಜಾಸ್ತಿ ಏನೂ ಇರುವುದಿಲ್ಲ. ಹಳೆಯ ಹೆಸರಾದರೆ ಇಮೇಲ್‌ನ ಎಂಎಕ್ಸ್ ರೆಕಾರ್ಡ್ ಇರುತ್ತದೆ. ನಿಮ್ಮ ಹೆಸರಿನಲ್ಲಿ ಯಾರು ಮೇಲ್ ಕಳಿಸಬಹುದು ಅಂತ ಹೇಳುವ ಎಸ್‌ಪಿಎಫ್ ಎಂಬ ಟೆಕ್ಸ್ಟ್ ರೆಕಾರ್ಡ್ ಇರುತ್ತದೆ. ಅವುಗಳನ್ನು ಮುಟ್ಟಬೇಡಿ. ವೆಬ್ ಆ್ಯಪ್ ಬೇರೆ ಕಡೆ ಹೋಗುವುದಕ್ಕೂ ಇಮೇಲ್‌ಗೂ ಸಂಬಂಧ ಇಲ್ಲ.

ನೇಮ್‌ಸರ್ವರನ್ನೇ ಬದಲಿಸಿ ಅಂತ ಕೆಲವು ಕ್ಲೌಡ್ ಕಂಪನಿಗಳು ಕೇಳುತ್ತವೆ. ಅದು ಸುಲಭದ ದಾರಿ ಹೌದು. ಆದರೆ ಎಂಎಕ್ಸ್ ಸೇರಿ ಎಲ್ಲ ಹಳೆಯ ರೆಕಾರ್ಡುಗಳನ್ನೂ ಹೊಸ ಕಡೆ ಮೊದಲೇ ಬರೆದುಕೊಂಡು ಆಮೇಲೆ ಬದಲಿಸಬೇಕು. ಇಲ್ಲದಿದ್ದರೆ ಬರುವ ಮೇಲ್ ನಿಲ್ಲುತ್ತದೆ. ಡಿಎನ್‌ಎಸ್ ಉತ್ತರ ಅಸಲಿಯೇ ಅಂತ ಸಹಿ ನೋಡಿ ತಿಳಿಯುವ ಡಿಎನ್‌ಎಸ್‌ಸೆಕ್ ಆನ್ ಆಗಿದ್ದರೆ ಇನ್ನೂ ಎಚ್ಚರ ಬೇಕು. ಆ ಸಹಿಯ ಗುರುತಾಗಿ ರಿಜಿಸ್ಟ್ರಾರ್ ಹತ್ತಿರ ಇರುವ ಡಿಎಸ್ ರೆಕಾರ್ಡ್ ಮೊದಲು ತೆಗೆಸಿ, ಅದು ಎಲ್ಲ ಕಡೆ ಮರೆಯಾಗುವಷ್ಟು ಹೊತ್ತು ಕಾಯಿರಿ. ಆಮೇಲೆ ನೇಮ್‌ಸರ್ವರ್ ಬದಲಿಸಿ. ಹಳೆಯ ಡಿಎಸ್ ಉಳಿದರೆ ಪರಿಶೀಲನೆ ಮಾಡುವ ಸರ್ವರ್‌ಗಳಿಗೆ ನಿಮ್ಮ ಹೆಸರು ನಕಲಿ ಅಂತ ಅನ್ನಿಸಿ ಉತ್ತರವನ್ನೇ ಕೊಡುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಒಂದೆರಡು ರೆಕಾರ್ಡ್ ಸೇರಿಸಿದರೆ ಆಗುವ ಕೆಲಸಕ್ಕೆ ನೇಮ್‌ಸರ್ವರ್ ಬದಲಿಸುವುದು ಬೇಡ.

ಮೊದಲು ಕ್ಲೌಡ್‌ಗೆ ಹೇಳಿ, ಆಮೇಲೆ ಡಿಎನ್‌ಎಸ್‌ಗೆ

ಕ್ಲೌಡ್ ಕಂಪನಿಯ ಒಂದೇ ಐಪಿ ವಿಳಾಸದ (ಸರ್ವರ್‌ನ ಅಂಕೆಗಳ ವಿಳಾಸ) ಹಿಂದೆ ಸಾವಿರಾರು ಆ್ಯಪ್‌ಗಳು ಇರುತ್ತವೆ. ಬ್ರೌಸರ್ ಅಲ್ಲಿ ಹೋಗಿ ‘ನನಗೆ ಆಲೆಮನೆ.ಇನ್ ಬೇಕು’ ಅಂತ ಹೆಸರು ಹೇಳುತ್ತದೆ. ಆ ಹೆಸರು ಯಾವ ಆ್ಯಪ್‌ನದು ಅಂತ ಕ್ಲೌಡ್‌ಗೆ ಗೊತ್ತಿರಬೇಕು, ಅಲ್ವಾ? ಗೊತ್ತಿಲ್ಲದಿದ್ದರೆ ಡಿಎನ್‌ಎಸ್ ಸರಿಯಿದ್ದರೂ 404, ಅಂದರೆ ‘ಪುಟ ಸಿಗಲಿಲ್ಲ’ ಅಂತ ಬರುತ್ತದೆ. ಆದ್ದರಿಂದ ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ‘ಕಸ್ಟಮ್ ಡೊಮೇನ್’ ಅನ್ನುವ ಜಾಗಕ್ಕೆ ಮೊದಲು ಹೋಗಿ. ಬರೀ ಹೆಸರು ಮತ್ತು ಡಬ್ಲ್ಯುಡಬ್ಲ್ಯುಡಬ್ಲ್ಯು ಇರುವ ಹೆಸರು, ಎರಡನ್ನೂ ಸೇರಿಸಿ. ಇವು ಡಿಎನ್‌ಎಸ್ ಲೆಕ್ಕದಲ್ಲಿ ಎರಡು ಬೇರೆ ಹೆಸರುಗಳು.

ಹೆಸರು ನಿಮ್ಮದೇ ಅಂತ ತೋರಿಸಲು ಕ್ಲೌಡ್ ಒಂದು ಟೆಕ್ಸ್ಟ್ ರೆಕಾರ್ಡ್ ಕೇಳಬಹುದು. ಮೈಕ್ರೋಸಾಫ್ಟ್ ಅಜೂರ್‌ನ ಆ್ಯಪ್ ಸರ್ವೀಸ್‌ನಲ್ಲಿ ಅದರ ಹೆಸರು ‘ಎಎಸ್‌ಯುಐಡಿ’ಯಿಂದ ಶುರುವಾಗುತ್ತದೆ. ಅವರು ಕೊಟ್ಟ ಸಾಲನ್ನು ಕಾಪಿ ಮಾಡಿ ಅಂಟಿಸಿ. ಕೈಯಲ್ಲಿ ಟೈಪ್ ಮಾಡಬೇಡಿ. ಜೊತೆಗೆ ಅದೇ ಪುಟದಲ್ಲಿ ನಿಮ್ಮ ಹೆಸರು ಎಲ್ಲಿಗೆ ತೋರಿಸಬೇಕು ಎಂಬ ವಿಳಾಸವೂ ಇರುತ್ತದೆ. ಯಾವುದೋ ಹಳೆಯ ವೀಡಿಯೋದಲ್ಲಿ ನೋಡಿದ ಐಪಿ ಹಾಕಬೇಡಿ. ನಿಮ್ಮ ಪುಟ ಏನು ಹೇಳುತ್ತದೋ ಅದೇ ಸರಿ.

ಡಬ್ಲ್ಯುಡಬ್ಲ್ಯುಡಬ್ಲ್ಯು ಸುಲಭ, ಬರೀ ಹೆಸರು ಕಷ್ಟ

ಡಬ್ಲ್ಯುಡಬ್ಲ್ಯುಡಬ್ಲ್ಯು ಇರುವ ಹೆಸರಿಗೆ ಸಿ-ನೇಮ್ ರೆಕಾರ್ಡ್ ಸಾಕು. ‘ಈ ಹೆಸರನ್ನು ಕೇಳಿದರೆ ಆ ಹೆಸರನ್ನು ನೋಡಿ’ ಅನ್ನುವುದೇ ಸಿ-ನೇಮ್. ಕ್ಲೌಡ್ ಕಂಪನಿ ಮುಂದೆ ತನ್ನ ಐಪಿ ಬದಲಿಸಿಕೊಂಡರೂ ನೀವು ಏನೂ ಮಾಡಬೇಕಿಲ್ಲ. ಟೈಪ್ ಅನ್ನುವಲ್ಲಿ ಸಿ-ನೇಮ್ ಆರಿಸಿ. ಹೋಸ್ಟ್ ಅನ್ನುವಲ್ಲಿ ಬರೀ ಡಬ್ಲ್ಯುಡಬ್ಲ್ಯುಡಬ್ಲ್ಯು. ವ್ಯಾಲ್ಯೂ ಅನ್ನುವಲ್ಲಿ ಕ್ಲೌಡ್ ಕೊಟ್ಟ ಹೆಸರು. ಅದರ ಮುಂದೆ ಎಚ್‌ಟಿಟಿಪಿಎಸ್ ಇರಬಾರದು, ಹಿಂದೆ ಓರೆಗೆರೆ ಇರಬಾರದು.

ಹೋಸ್ಟ್ ಜಾಗದಲ್ಲಿ ಪೂರ್ತಿ ಹೆಸರು ಬರೆಯಬೇಡಿ. ಹೆಚ್ಚಿನ ಡಿಎನ್‌ಎಸ್ ಪುಟಗಳು ನೀವು ಬರೆದದ್ದರ ಹಿಂದೆ ಡೊಮೇನ್ ಹೆಸರನ್ನು ತಾವೇ ಸೇರಿಸುತ್ತವೆ. ಆಗ ಅದು ‘ಡಬ್ಲ್ಯುಡಬ್ಲ್ಯುಡಬ್ಲ್ಯು.ಆಲೆಮನೆ.ಇನ್.ಆಲೆಮನೆ.ಇನ್’ ಆಗಿಬಿಡುತ್ತದೆ. ನಮ್ಮ ಹುಡುಗಿಯೂ ಅವತ್ತು ಮೊದಲ ಸಲ ಹಾಗೇ ಬರೆದಳು. ಉಳಿಸಿದ ಮೇಲೆ ಪಟ್ಟಿಯಲ್ಲಿ ಹೆಸರು ಹೇಗೆ ಕಾಣುತ್ತದೆ ಅಂತ ಒಂದು ಸಲ ನೋಡಿದರೆ ತಪ್ಪು ಅಲ್ಲೇ ಸಿಗುತ್ತದೆ.

ಬರೀ ಹೆಸರಿನ ವಿಷಯ ಹಾಗಲ್ಲ. ಹೋಸ್ಟ್ ಜಾಗದಲ್ಲಿ @ ಚಿಹ್ನೆ ಹಾಕಿದರೆ ಅದು ಬರೀ ಹೆಸರು ಅಂತ ಅರ್ಥ. ಅಲ್ಲಿಗೆ ಸಿ-ನೇಮ್ ಹಾಕಲು ಹೋದರೆ ಬಹುತೇಕ ಸೇವೆಗಳು ಒಪ್ಪುವುದಿಲ್ಲ. ಇದಕ್ಕೆ ಹಳೆಯ ಕಾರಣ ಇದೆ. ಡಿಎನ್‌ಎಸ್ ವ್ಯವಸ್ಥೆಯನ್ನು ಪಾಲ್ ಮೊಕಾಪೆಟ್ರಿಸ್ ರೂಪಿಸಿದ್ದು 1983ರಲ್ಲಿ. 1987ರಲ್ಲಿ ಬರೆದಿಟ್ಟ ನಿಯಮದ ಪ್ರಕಾರ ಒಂದು ಹೆಸರಿಗೆ ಸಿ-ನೇಮ್ ಇದ್ದರೆ ಬೇರೆ ರೆಕಾರ್ಡ್ ಇರುವಂತಿಲ್ಲ. ಬರೀ ಹೆಸರಿಗೆ ನೇಮ್‌ಸರ್ವರ್ ಯಾವುದು ಅಂತ ಹೇಳುವ ಎನ್‌ಎಸ್ ರೆಕಾರ್ಡ್ ಇದ್ದೇ ಇರುತ್ತದೆ, ಆ ಡೊಮೇನ್‌ನ ಲೆಕ್ಕದ ಮೂಲ ವಿವರ ಹೇಳುವ ಎಸ್‌ಒಎ ರೆಕಾರ್ಡ್ ಇರುತ್ತದೆ, ಇಮೇಲ್ ಇದ್ದರೆ ಎಂಎಕ್ಸ್ ಕೂಡ. ಹಾಗಾಗಿ ಸಿ-ನೇಮ್‌ಗೆ ಅಲ್ಲಿ ಜಾಗ ಇಲ್ಲ.

ಕ್ಲೌಡ್ ಕಂಪನಿ ಸ್ಥಿರವಾದ ಐಪಿ ಕೊಟ್ಟಿದ್ದರೆ ಎ ರೆಕಾರ್ಡ್ ಹಾಕಿ. ಹೆಸರಿಗೆ ನೇರವಾಗಿ ಐಪಿಯನ್ನೇ ಹೇಳುವ ರೆಕಾರ್ಡ್ ಅದು. ಗಿಟ್‌ಹಬ್ ಪೇಜಸ್‌ಗೆ ನಾಲ್ಕು ಎ ರೆಕಾರ್ಡ್ ಹಾಕಬೇಕು. 185.199.108.153 ಮೊದಲನೆಯದು, ಮೂರನೇ ಅಂಕೆ 109, 110, 111 ಆಗುತ್ತಾ ಹೋಗುತ್ತದೆ. ನಾಲ್ಕನ್ನೂ ಹಾಕಿ, ಒಂದು ಸಾಲದು. ಆದರೆ ಹೆರೋಕು ತರಹದ ಕಡೆ ಸ್ಥಿರ ಐಪಿ ಕೊಡುವುದಿಲ್ಲ, ಹೆಸರು ಮಾತ್ರ ಕೊಡುತ್ತಾರೆ. ಆಗ ಡಿಎನ್‌ಎಸ್ ಸೇವೆಯಲ್ಲಿ ‘ಅಲಿಯಾಸ್’ ಅಥವಾ ‘ಎ-ನೇಮ್’ ಎಂಬ ವಿಶೇಷ ರೆಕಾರ್ಡ್ ಇದೆಯಾ ನೋಡಿ. ನೀವು ಹೆಸರು ಬರೆದರೆ ಅದರ ಐಪಿಯನ್ನು ನೇಮ್‌ಸರ್ವರ್ ತಾನೇ ಹುಡುಕಿ ಎ ರೆಕಾರ್ಡಿನಂತೆ ಉತ್ತರ ಕೊಡುತ್ತದೆ. ರೂಟ್ 53ರಲ್ಲಿ ಅಲಿಯಾಸ್ ಇದೆ. ಕ್ಲೌಡ್‌ಫ್ಲೇರ್ ಬರೀ ಹೆಸರಿಗೂ ಸಿ-ನೇಮ್ ಬರೆಯಲು ಬಿಟ್ಟು, ಹೊರಗೆ ಉತ್ತರಿಸುವಾಗ ಐಪಿ ಕೊಡುತ್ತದೆ. ಇದ್ಯಾವುದೂ ಇಲ್ಲದ ಡಿಎನ್‌ಎಸ್ ಸೇವೆಯಾದರೆ ರಿಜಿಸ್ಟ್ರಾರ್‌ನ ಫಾರ್ವರ್ಡಿಂಗ್ ಬಳಸಿ ಬರೀ ಹೆಸರನ್ನು ಡಬ್ಲ್ಯುಡಬ್ಲ್ಯುಡಬ್ಲ್ಯುಗೆ ತಿರುಗಿಸಬಹುದು. ಆ ಫಾರ್ವರ್ಡಿಂಗ್ ಎಚ್‌ಟಿಟಿಪಿಎಸ್‌ನಲ್ಲೂ ನಡೆಯುತ್ತದೆಯಾ ಅಂತ ಪರೀಕ್ಷೆ ಮಾಡಿಯೇ ಒಪ್ಪಿ. ಕೆಲವು ಕಡೆ ನಡೆಯುವುದಿಲ್ಲ.

ಹೊಸ ರೆಕಾರ್ಡ್ ಸೇರಿಸಿದ ಮೇಲೆ ಹಳೆಯದನ್ನು ತೆಗೆಯುವುದು ಮರೆಯಬೇಡಿ. ಹೊಸ ಡೊಮೇನ್‌ನಲ್ಲಿ ರಿಜಿಸ್ಟ್ರಾರ್ ತನ್ನ ಜಾಹೀರಾತು ಪುಟದ ಎ ರೆಕಾರ್ಡ್ ಹಾಕಿಟ್ಟಿರುತ್ತಾರೆ. ಅದೂ ನಿಮ್ಮದೂ ಎರಡೂ ಇದ್ದರೆ ಒಂದು ಸಲ ನಿಮ್ಮ ಆ್ಯಪ್, ಇನ್ನೊಂದು ಸಲ ಅವರ ಪುಟ ಬರುತ್ತದೆ. ಇದಕ್ಕಿಂತ ಹುಡುಕಲು ಕಷ್ಟವಾದದ್ದು ಹಳೆಯ ಕ್ವಾಡ್-ಎ ರೆಕಾರ್ಡ್. ಅದು ಐಪಿವಿ6 ಎಂಬ ಹೊಸ ಬಗೆಯ, ಉದ್ದದ ಐಪಿ ವಿಳಾಸ ಹೇಳುವ ರೆಕಾರ್ಡ್, ಹೆಸರಿನಲ್ಲಿ ನಾಲ್ಕು ಎ. ನಮ್ಮ ದೇಶದ ಮೊಬೈಲ್ ಜಾಲಗಳಲ್ಲಿ ಐಪಿವಿ6 ಬಳಕೆ ಜಾಸ್ತಿ. ಎ ರೆಕಾರ್ಡ್ ಮಾತ್ರ ಬದಲಿಸಿ ಕ್ವಾಡ್-ಎ ಬಿಟ್ಟರೆ ಬ್ರಾಡ್‌ಬ್ಯಾಂಡ್‌ನಲ್ಲಿ ಹೊಸ ಆ್ಯಪ್, ಮೊಬೈಲ್ ಡೇಟಾದಲ್ಲಿ ಹಳೆಯ ಸೈಟ್ ಕಾಣಬಹುದು. ಗಿರಾಕಿ ‘ತೆರೀತಿಲ್ಲ’ ಅನ್ನುತ್ತಾರೆ, ನಿಮ್ಮ ಕಂಪ್ಯೂಟರ್‌ನಲ್ಲಿ ಎಲ್ಲ ಸರಿಯಾಗಿರುತ್ತದೆ.

ಸ್ವಂತ ವರ್ಚುವಲ್ ಮೆಷಿನ್, ಅಂದರೆ ಕ್ಲೌಡ್‌ನಲ್ಲಿ ಬಾಡಿಗೆಗೆ ಪಡೆದ ಕಂಪ್ಯೂಟರ್ ಇಟ್ಟುಕೊಂಡವರಿಗೆ ಒಂದು ಮಾತು. ಅದಕ್ಕೆ ಸ್ಥಿರ ಐಪಿ ಹಾಕಿಸಿಕೊಳ್ಳಿ. ಅಮೆಜಾನ್‌ನಲ್ಲಿ ಅದಕ್ಕೆ ಎಲಾಸ್ಟಿಕ್ ಐಪಿ ಅನ್ನುತ್ತಾರೆ. ಅದಿಲ್ಲದೆ ಮೆಷಿನ್ ನಿಲ್ಲಿಸಿ ಮತ್ತೆ ಶುರು ಮಾಡಿದರೆ ಐಪಿ ಬದಲಾಗುತ್ತದೆ. ಫೈರ್‌ವಾಲ್‌ನಲ್ಲಿ 80 (ಎಚ್‌ಟಿಟಿಪಿ ಬರುವ ಬಾಗಿಲು) ಮತ್ತು 443 (ಎಚ್‌ಟಿಟಿಪಿಎಸ್ ಬರುವ ಬಾಗಿಲು) ಎರಡೂ ಪೋರ್ಟ್ ತೆರೆದಿರಲಿ.

ಗದ್ದೆಯಲ್ಲಿ ನಿಂತ ನೀರು ಇಂಗಬೇಕು

ರೆಕಾರ್ಡ್ ಬದಲಿಸಿದ ಮೇಲೆ ‘48 ಗಂಟೆ ಕಾಯಿರಿ’ ಅನ್ನುತ್ತಾರೆ. ಯಾಕೆ ಅಂತ ಗೊತ್ತಿದ್ದರೆ ಕಾಯುವುದು ಕಡಿಮೆಯಾಗುತ್ತದೆ.

ನಿಮ್ಮ ಬದಲಾವಣೆ ಸಾಮಾನ್ಯವಾಗಿ ನಿಮಿಷಗಳಲ್ಲೇ ನೇಮ್‌ಸರ್ವರ್‌ಗೆ ಬಂದಿರುತ್ತದೆ. ನೀರುಗಂಟಿ ತೂಬು ತಿರುಗಿಸಿ ಆಗಿದೆ. ಆದರೆ ಇಂಟರ್‌ನೆಟ್ ಕಂಪನಿಗಳ ಸರ್ವರ್‌ಗಳು ಹಳೆಯ ಉತ್ತರವನ್ನು ನೆನಪಿಟ್ಟುಕೊಂಡಿರುತ್ತವೆ. ಗದ್ದೆಯಲ್ಲಿ ಮೊದಲೇ ನಿಂತ ನೀರು ಅದು. ಇಂಗುವವರೆಗೆ ಅಲ್ಲೇ ಇರುತ್ತದೆ. ಎಷ್ಟು ಹೊತ್ತು ಅನ್ನುವುದನ್ನು ಆ ರೆಕಾರ್ಡಿನ ಟಿಟಿಎಲ್ ಹೇಳುತ್ತದೆ. ಅದು ಸೆಕೆಂಡಿನ ಲೆಕ್ಕ. 3600 ಅಂದರೆ ಒಂದು ಗಂಟೆ, 86400 ಅಂದರೆ ಒಂದು ದಿನ.

ಹಾಗಾಗಿ ನಡೆಯುತ್ತಿರುವ ಸೈಟ್ ಸ್ಥಳ ಬದಲಿಸುವುದಾದರೆ ಹಿಂದಿನ ದಿನವೇ ಟಿಟಿಎಲ್ 300ಕ್ಕೆ ಇಳಿಸಿ. ಹಳೆಯ ಟಿಟಿಎಲ್‌ನಷ್ಟು ಹೊತ್ತು ಕಳೆಯಲಿ. ಆಮೇಲೆ ವಿಳಾಸ ಬದಲಿಸಿದರೆ ಐದೇ ನಿಮಿಷಕ್ಕೆ ಹೆಚ್ಚಿನ ಕಡೆ ಹೊಸದು ಕಾಣುತ್ತದೆ. ಬದಲಿಸುವ ಹೊತ್ತಿಗೆ ಇಳಿಸಿದರೆ ಪ್ರಯೋಜನ ಇಲ್ಲ. ಹಳೆಯ ನೀರು ಹಳೆಯ ಲೆಕ್ಕದಲ್ಲೇ ಇಂಗುತ್ತದೆ. ಎಲ್ಲ ಸರಿಯಾದ ಮೇಲೆ ಟಿಟಿಎಲ್ ಮತ್ತೆ 3600ಕ್ಕೆ ಏರಿಸಿ. ನೇಮ್‌ಸರ್ವರನ್ನೇ ಬದಲಿಸಿದರೆ ಮಾತ್ರ ಆ 48 ಗಂಟೆಯ ಮಾತು ನಿಜ. ಡಾಟ್ ಕಾಮ್‌ನ ಮೇಲಿನ ಸರ್ವರ್‌ಗಳು ಎನ್‌ಎಸ್ ಉತ್ತರಕ್ಕೆ ಕೊಡುವ ಟಿಟಿಎಲ್ 172800 ಸೆಕೆಂಡ್, ಅಂದರೆ ಎರಡು ದಿನ.

ಇನ್ನೊಂದು ಸೂಕ್ಷ್ಮ ಇದೆ. ‘ಇಲ್ಲ’ ಎಂಬ ಉತ್ತರವನ್ನೂ ಸರ್ವರ್‌ಗಳು ನೆನಪಿಡುತ್ತವೆ. ರೆಕಾರ್ಡ್ ಸೇರಿಸುವ ಮೊದಲೇ ಕುತೂಹಲಕ್ಕೆ ಆ ಹೆಸರನ್ನು ಬ್ರೌಸರ್‌ನಲ್ಲಿ ತೆರೆದು ನೋಡಿದರೆ, ಸೇರಿಸಿದ ಮೇಲೂ ನಿಮಗೆ ಮಾತ್ರ ಸ್ವಲ್ಪ ಹೊತ್ತು ಕಾಣುವುದಿಲ್ಲ. ಸುಮ್ನೆ ತೆರೆದು ನೋಡಬೇಡಿ.

ಪರೀಕ್ಷೆಗೆ ಬ್ರೌಸರ್ ನಂಬಬೇಡಿ, ಅದೂ ನೆನಪಿಟ್ಟುಕೊಳ್ಳುತ್ತದೆ. ‘ಎನ್‌ಎಸ್‌ಲುಕಪ್ ಆಲೆಮನೆ.ಇನ್ 8.8.8.8’ ಅಂತ ಕೊಟ್ಟರೆ ಗೂಗಲ್‌ನ ಸರ್ವರ್ ಏನು ಹೇಳುತ್ತದೆ ಅಂತ ಗೊತ್ತಾಗುತ್ತದೆ. ಕೊನೆಯಲ್ಲಿ 1.1.1.1 ಹಾಕಿದರೆ ಕ್ಲೌಡ್‌ಫ್ಲೇರ್‌ನದು. ಅದೇ ಜಾಗದಲ್ಲಿ ನಿಮ್ಮ ನೇಮ್‌ಸರ್ವರ್‌ನ ಹೆಸರನ್ನೇ ಹಾಕಿ ಕೇಳಿ. ನೇರವಾಗಿ ನೀರುಗಂಟಿಯನ್ನೇ ಕೇಳಿದ ಹಾಗೆ. ಅಲ್ಲಿ ಸರಿ ಉತ್ತರ ಬಂದರೆ ಬರೆದದ್ದು ಸರಿಯಿದೆ, ಕಾದರೆ ಸಾಕು. ಅಲ್ಲೇ ತಪ್ಪಿದ್ದರೆ ಎಷ್ಟು ದಿನ ಕಾದರೂ ಆಗುವುದಿಲ್ಲ, ತಿದ್ದಬೇಕು.

ಸರ್ಟಿಫಿಕೇಟ್

ಈಗಿನ ಹೆಚ್ಚಿನ ಕ್ಲೌಡ್‌ಗಳು ಡಿಎನ್‌ಎಸ್ ಸರಿಯಾದ ಕೂಡಲೇ ಸರ್ಟಿಫಿಕೇಟನ್ನು ತಾವೇ ತರುತ್ತವೆ. ತುಂಬಾ ಕಡೆ ಅದು ಲೆಟ್ಸ್ ಎನ್‌ಕ್ರಿಪ್ಟ್ ಕೊಡುವ ಉಚಿತ ಸರ್ಟಿಫಿಕೇಟ್. ನಿಮ್ಮ ಹೆಸರಿಗೆ ಹೋದರೆ ನಿಮ್ಮದೇ ಆ್ಯಪ್ ಸಿಗುತ್ತದೆಯಾ ಅಂತ ಅವರು 80ನೇ ಪೋರ್ಟ್‌ನಲ್ಲಿ ಬಂದು ನೋಡುತ್ತಾರೆ. ಇಲ್ಲವೇ ಡಿಎನ್‌ಎಸ್‌ನಲ್ಲಿ ಒಂದು ಟೆಕ್ಸ್ಟ್ ರೆಕಾರ್ಡ್ ಕೇಳುತ್ತಾರೆ. ಡಿಎನ್‌ಎಸ್ ಇನ್ನೂ ತಿರುಗದೆ ಇರುವಾಗ ‘ಮತ್ತೆ ಪ್ರಯತ್ನಿಸು’ ಬಟನ್ ಒತ್ತುತ್ತಾ ಕೂರಬೇಡಿ. ಲೆಟ್ಸ್ ಎನ್‌ಕ್ರಿಪ್ಟ್‌ನಲ್ಲಿ ಒಂದು ಹೆಸರಿಗೆ ಗಂಟೆಗೆ ಐದು ವಿಫಲ ಪ್ರಯತ್ನದ ಮಿತಿ ಇದೆ. ಅದು ದಾಟಿದರೆ ತಪ್ಪು ಸರಿಯಾದ ಮೇಲೂ ಕಾಯಬೇಕಾಗುತ್ತದೆ.

ಡಿಎನ್‌ಎಸ್ ಸರಿಯಿದ್ದೂ ಸರ್ಟಿಫಿಕೇಟ್ ಬರದಿದ್ದರೆ ಸಿಎಎ ರೆಕಾರ್ಡ್ ಇದೆಯಾ ನೋಡಿ. ‘ನಮ್ಮ ಹೆಸರಿಗೆ ಇಂಥವರು ಮಾತ್ರ ಸರ್ಟಿಫಿಕೇಟ್ ಕೊಡಬಹುದು’ ಅಂತ ಹೇಳುವ ರೆಕಾರ್ಡ್ ಅದು. ಹಿಂದೆ ಯಾರೋ ಬೇರೆ ಕಂಪನಿಯ ಹೆಸರು ಹಾಕಿಟ್ಟಿದ್ದರೆ ಹೊಸಬರು ಕೊಡುವಂತಿಲ್ಲ. ಉಳಿದುಹೋದ ಕ್ವಾಡ್-ಎ ಕೂಡ ಇಲ್ಲಿ ಕಾಡುತ್ತದೆ.

ಸೈಟನ್ನು ಗಿರಾಕಿಗಳಿಗೆ ಹತ್ತಿರದ ಸರ್ವರ್‌ಗಳಿಂದ ತಲುಪಿಸುವ ಅಮೆಜಾನ್‌ನ ಕ್ಲೌಡ್‌ಫ್ರಂಟ್ ಬಳಸುವವರು ನೆನಪಿಡಬೇಕಾದ ಒಂದು ವಿಚಿತ್ರ ನಿಯಮ ಇದೆ. ಆ್ಯಪ್ ಮುಂಬೈ ರೀಜನ್‌ನಲ್ಲಿದ್ದರೂ ಸರ್ಟಿಫಿಕೇಟನ್ನು ಉತ್ತರ ವರ್ಜೀನಿಯಾ ರೀಜನ್‌ನಲ್ಲೇ ಮಾಡಬೇಕು. ಬೇರೆ ಕಡೆ ಮಾಡಿದರೆ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಅವರು ಪರಿಶೀಲನೆಗೆ ಕೊಡುವ ಸಿ-ನೇಮನ್ನು ಸರ್ಟಿಫಿಕೇಟ್ ಬಂದ ಮೇಲೂ ಅಳಿಸಬೇಡಿ. ಮುಂದಿನ ನವೀಕರಣಕ್ಕೂ ಅದೇ ಬೇಕು.

ಕ್ಲೌಡ್‌ಫ್ಲೇರ್‌ನಲ್ಲಿ ರೆಕಾರ್ಡಿನ ಪಕ್ಕ ಕಿತ್ತಳೆ ಬಣ್ಣದ ಮೋಡ ಇರುತ್ತದೆ. ಅದು ಆನ್ ಇದ್ದರೆ ಗಿರಾಕಿಗಳು ಮೊದಲು ಕ್ಲೌಡ್‌ಫ್ಲೇರ್‌ಗೆ ಬಂದು ಆಮೇಲೆ ನಿಮ್ಮ ಆ್ಯಪ್‌ಗೆ ಹೋಗುತ್ತಾರೆ. ಆ್ಯಪ್‌ನ ಕ್ಲೌಡ್ ಸರ್ಟಿಫಿಕೇಟ್ ತರುವವರೆಗೆ ಅದನ್ನು ಬೂದು ಬಣ್ಣಕ್ಕೆ ತಿರುಗಿಸಿಡಿ. ಆಮೇಲೆ ಬೇಕಾದರೆ ಕಿತ್ತಳೆ ಮಾಡಿ, ಎಸ್‌ಎಸ್‌ಎಲ್ ಮೋಡ್ ‘ಫುಲ್ ಸ್ಟ್ರಿಕ್ಟ್’ನಲ್ಲಿ ಇಡಿ. ‘ಫ್ಲೆಕ್ಸಿಬಲ್’ನಲ್ಲಿ ಇಟ್ಟರೆ ಕ್ಲೌಡ್‌ಫ್ಲೇರ್ ನಿಮ್ಮ ಆ್ಯಪ್‌ಗೆ ಎಚ್‌ಟಿಟಿಪಿಯಲ್ಲಿ ಬರುತ್ತದೆ. ಆ್ಯಪ್ ಎಚ್‌ಟಿಟಿಪಿಎಸ್‌ಗೆ ಹೋಗು ಅನ್ನುತ್ತದೆ. ಅದು ಮತ್ತೆ ಎಚ್‌ಟಿಟಿಪಿಯಲ್ಲೇ ಬರುತ್ತದೆ. ಕೊನೆಗೆ ಬ್ರೌಸರ್ ‘ಟೂ ಮೆನಿ ರೀಡೈರೆಕ್ಟ್ಸ್’ ಅಂತ ಕೈಚೆಲ್ಲುತ್ತದೆ.

ಸರ್ಟಿಫಿಕೇಟ್ ನವೀಕರಣ ಕೈಯಿಂದ ಮಾಡುವ ಯೋಚನೆ ಬಿಡಿ. ಜಗತ್ತಿನ ಸರ್ಟಿಫಿಕೇಟ್‌ಗಳ ಗರಿಷ್ಠ ಅವಧಿ 2029ರ ಮಾರ್ಚ್ 15ರಿಂದ 47 ದಿನಕ್ಕೆ ಇಳಿಯುತ್ತದೆ. ಸ್ವಂತ ಮೆಷಿನ್ ಇದ್ದವರು ಸರ್ಟ್‌ಬಾಟ್ ಅಥವಾ ಕ್ಯಾಡಿ ಎಂಬ ತಂತ್ರಾಂಶ ಹಾಕಿ, ನವೀಕರಣ ತಾನಾಗಿ ನಡೆಯುವ ಹಾಗೆ ಮಾಡಿ.

ಆ್ಯಪ್‌ಗೂ ತನ್ನ ಹೊಸ ಹೆಸರು ಗೊತ್ತಾಗಲಿ

ಸೈಟ್ ತೆರೆಯಿತು ಅಂತ ಇಲ್ಲಿಗೆ ನಿಲ್ಲಿಸುವವರು ತುಂಬಾ ಜನ. ನಮ್ಮ ಬೆಲ್ಲದ ಆ್ಯಪ್ ಬರೆದದ್ದು ಜ್ಯಾಂಗೋ ಎಂಬ ವೆಬ್ ಚೌಕಟ್ಟಿನಲ್ಲಿ. ಹೊಸ ಹೆಸರಿನಲ್ಲಿ ತೆರೆದರೆ 400 ಎಂಬ ದೋಷ ಬಂತು. ಜ್ಯಾಂಗೋ ತನಗೆ ಹೇಳಿಕೊಟ್ಟ ಹೆಸರುಗಳಿಗೆ ಮಾತ್ರ ಉತ್ತರ ಕೊಡುತ್ತದೆ. ‘ಅಲೌಡ್ ಹೋಸ್ಟ್ಸ್’ ಪಟ್ಟಿಗೆ ಎರಡೂ ಹೆಸರು ಸೇರಿಸಿದೆವು. ಪುಟ ತೆರೆಯಿತು, ಆರ್ಡರ್ ಫಾರಂ ಕಳಿಸಿದರೆ 403, ಅಂದರೆ ‘ಅನುಮತಿ ಇಲ್ಲ’. ಯಾವ ವಿಳಾಸದಿಂದ ಬಂದ ಫಾರಂ ನಂಬಬೇಕು ಅಂತ ಹೇಳುವ ‘ಸಿಎಸ್‌ಆರ್‌ಎಫ್ ಟ್ರಸ್ಟೆಡ್ ಒರಿಜಿನ್ಸ್’ ಪಟ್ಟಿಗೂ ಸೇರಿಸಬೇಕಾಯಿತು. ಜ್ಯಾಂಗೋ 4ರಿಂದ ಅಲ್ಲಿ ಎಚ್‌ಟಿಟಿಪಿಎಸ್ ಸಮೇತ ಬರೆಯಬೇಕು.

ಆಮೇಲೆ ಗೂಗಲ್ ಲಾಗಿನ್. ಲಾಗಿನ್ ಆದ ಮೇಲೆ ಯಾವ ವಿಳಾಸಕ್ಕೆ ವಾಪಸ್ ಬರಬೇಕು ಅನ್ನುವುದನ್ನು ಗೂಗಲ್‌ನ ಪುಟದಲ್ಲಿ ಬರೆದಿರುತ್ತೀವಿ. ಅಲ್ಲಿ ಹೊಸ ವಿಳಾಸ ಇಲ್ಲದಿದ್ದರೆ ‘ರೀಡೈರೆಕ್ಟ್ ಯುಆರ್‌ಐ ಮಿಸ್‌ಮ್ಯಾಚ್’ ಎಂಬ ದೋಷ ಬರುತ್ತದೆ. ಪೇಮೆಂಟ್ ಗೇಟ್‌ವೇಯಲ್ಲಿ ವೆಬ್‌ಹುಕ್ ವಿಳಾಸ, ಅಂದರೆ ದುಡ್ಡು ಬಂತು ಅಂತ ಅವರು ಆ್ಯಪ್‌ಗೆ ಸುದ್ದಿ ಕಳಿಸುವ ವಿಳಾಸ ಬದಲಿಸಿ. ಇದು ಮರೆತರೆ ದೊಡ್ಡ ತೊಂದರೆ. ಹಳೆಯ ವಿಳಾಸ ನಿಂತ ದಿನ ಗಿರಾಕಿ ದುಡ್ಡು ಕಟ್ಟಿರುತ್ತಾರೆ, ನಿಮ್ಮ ಆ್ಯಪ್‌ಗೆ ಸುದ್ದಿಯೇ ಬರುವುದಿಲ್ಲ. ಗಿರಾಕಿಗೆ ಕಾಣುವ ಮುಂಭಾಗ ಒಂದು ಕಡೆ, ಅದಕ್ಕೆ ಮಾಹಿತಿ ಕೊಡುವ ಎಪಿಐ ಒಂದು ಕಡೆ ಇದ್ದರೆ, ಯಾವ ವಿಳಾಸದ ಪುಟಗಳಿಗೆ ಉತ್ತರ ಕೊಡಬಹುದು ಅನ್ನುವ ಕಾರ್ಸ್ ಪಟ್ಟಿ ನೋಡಿ. ಕುಕಿ, ಇಮೇಲ್‌ನಲ್ಲಿ ಹೋಗುವ ಲಿಂಕುಗಳು, ವಾಟ್ಸ್‌ಆ್ಯಪ್ ಸಂದೇಶದ ಟೆಂಪ್ಲೇಟ್ ಎಲ್ಲ ಕಡೆ ಹಳೆಯ ವಿಳಾಸ ಹುಡುಕಿ ತೆಗೆಯಿರಿ.

ಎರಡು ಹೆಸರಲ್ಲಿ ಒಂದನ್ನು ಮುಖ್ಯ ಅಂತ ಆರಿಸಿ, ಇನ್ನೊಂದನ್ನು 301 (ಶಾಶ್ವತವಾಗಿ ಬೇರೆ ವಿಳಾಸಕ್ಕೆ ಕಳಿಸುವ ಉತ್ತರ) ಮೂಲಕ ಅದಕ್ಕೆ ತಿರುಗಿಸಿ. ನಾವು ಲೇಬಲ್ ಮೇಲೆ ಚಿಕ್ಕದಾಗಿ ಕೂರುತ್ತದೆ ಅಂತ ಬರೀ ಹೆಸರನ್ನು ಆರಿಸಿದೆವು. ಕ್ಲೌಡ್ ಕೊಟ್ಟಿದ್ದ ಹಳೆಯ ಉದ್ದ ವಿಳಾಸವನ್ನೂ ಹೊಸದಕ್ಕೆ ತಿರುಗಿಸಿ. ಯಾರದೋ ಫೋನಿನಲ್ಲಿ ಅದು ಇನ್ನೂ ಸೇವ್ ಆಗಿರುತ್ತದೆ.

ಲೇಬಲ್ ಅಚ್ಚಿಗೆ ಕೊಡುವ ಮೊದಲು ನಾವು ಎಂಟು ಸಲ ತೆರೆದು ನೋಡಿದೆವು. ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್. ಡಬ್ಲ್ಯುಡಬ್ಲ್ಯುಡಬ್ಲ್ಯು ಇದ್ದು, ಇಲ್ಲದೆ. ಈ ನಾಲ್ಕನ್ನೂ ಮನೆಯ ವೈಫೈನಲ್ಲಿ ಒಂದು ಸಲ, ಮೊಬೈಲ್ ಡೇಟಾದಲ್ಲಿ ಒಂದು ಸಲ. ಎಲ್ಲವೂ ಒಂದೇ ವಿಳಾಸಕ್ಕೆ ಬಂದು ನಿಲ್ಲಬೇಕು. ಕೊನೆಗೆ ಚಿಕ್ಕಪ್ಪ ಊರಿನಿಂದ ತಮ್ಮ ಫೋನಿನಲ್ಲಿ ಒಂದು ಕೆಜಿ ಅಚ್ಚುಬೆಲ್ಲ ಆರ್ಡರ್ ಮಾಡಿ, ದುಡ್ಡು ಕಟ್ಟಿ, ರಸೀದಿ ಬಂತು ಅಂತ ಫೋನ್ ಮಾಡಿದರು. ಆಮೇಲೆಯೇ ಲೇಬಲ್ ಪ್ರೆಸ್‌ಗೆ ಹೋಯಿತು.

ಜೋಡಿಸಿದ ಮೇಲೆ

ನವೀಕರಣ ತಾನಾಗಿ ಆಗುವಂತೆ ಇಡಿ, ಆದರೆ ಕಾರ್ಡ್‌ನ ಅವಧಿ ಮುಗಿದರೆ ಅದೂ ನಡೆಯುವುದಿಲ್ಲ. ಫೋನಿನ ಕ್ಯಾಲೆಂಡರ್‌ನಲ್ಲಿ ಒಂದು ತಿಂಗಳು ಮುಂಚಿನ ದಿನ ಗುರುತು ಹಾಕಿ. ಡಾಟ್ ಕಾಮ್ ಅವಧಿ ಮುಗಿದು ಅಳಿಸಿದ ಮೇಲೂ 30 ದಿನ ಬಿಡಿಸಿಕೊಳ್ಳುವ ಅವಕಾಶ ಇರುತ್ತದೆ, ಆದರೆ ಅದಕ್ಕೆ ದಂಡ ಜಾಸ್ತಿ.

ಯಾವತ್ತಾದರೂ ಆ್ಯಪ್ ತೆಗೆಯುವುದಾದರೆ ಮೊದಲು ಡಿಎನ್‌ಎಸ್ ರೆಕಾರ್ಡ್ ಅಳಿಸಿ, ಆಮೇಲೆ ಆ್ಯಪ್ ಅಳಿಸಿ. ಉಲ್ಟಾ ಮಾಡಿದರೆ ನಿಮ್ಮ ಸಿ-ನೇಮ್ ಯಾರೂ ಇಲ್ಲದ ಜಾಗವನ್ನು ತೋರಿಸುತ್ತಿರುತ್ತದೆ. ಕೆಲವು ಕ್ಲೌಡ್‌ಗಳಲ್ಲಿ ಬೇರೆಯವರು ಬಂದು ಆ ಖಾಲಿ ಹೆಸರನ್ನು ಹಿಡಿದು, ನಿಮ್ಮ ವಿಳಾಸದಲ್ಲಿ ತಮ್ಮ ಪುಟ ಇಡಬಹುದು. ದುಡ್ಡು ಕಟ್ಟುವ ಪುಟದಂತೆಯೇ ಕಾಣುವ ಮೋಸದ ಪುಟ ಕೂಡ. ನಾವು ಅವತ್ತು ಪ್ರಯೋಗಕ್ಕೆ ಅಂತ ‘ಟೆಸ್ಟ್.ಆಲೆಮನೆ.ಇನ್’ ಎಂಬ ಉಪಹೆಸರು ಮಾಡಿದ್ದೆವು. ಸಂಜೆ ಅವಳು ಮಂಡ್ಯದ ಬಸ್ ಹತ್ತುವ ಮೊದಲು ಅದರ ರೆಕಾರ್ಡ್ ಅಳಿಸಿ, ಎನ್‌ಎಸ್‌ಲುಕಪ್‌ನಲ್ಲಿ ‘ಇಲ್ಲ’ ಅಂತ ಬಂದದ್ದು ನೋಡಿ, ಆಮೇಲೆ ಪ್ರಯೋಗದ ಆ್ಯಪ್ ಅಳಿಸಿದೆವು.